ಶಿಖರದ ಮೇಲೆ ಇಬ್ಬರಿದ್ದರು

ನಮ್ಮ ಸಂಘದ ಆಶ್ರಯದಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ನಡೆದ ಪ್ರಬಂಧ ಸ್ಪರ್ಧೆಯ ಫಲಿತಾಂಶವನ್ನು ವಾಚಕರು ಕಳೆದ ಸಂಚಿಕೆಯಲ್ಲಿ ಓದಿರುವರು. ವಿಷಯವು ‘ಪರ್ವತಾರೋಹಣದ ಒಂದು ಸಾಹಸ’. ತೀರ್ಪುಗಾರರು ಮೂವರು, ಅವರಲ್ಲಿ ನಾವೂ ಒಬ್ಬರು. ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ತೇನ್‌ಸಿಂಗ್ ಮತ್ತು ಹಿಲರಿಯವರ ಎವರೆಸ್ಟ್ ಆರೋಹಣವನ್ನು ಕುರಿತವು. ಎರಡು ಮಾತ್ರ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲೆಲ್ಲ ಎತ್ತರವಾದ ಮೋಂಬ್ಲಾಂ ಶಿಖರವನ್ನು, ಎಂದರೆ ನಮ್ಮ ಭೂಗೋಲ ಪುಸ್ತಕಗಳು ಮೌಂಟ್ ಬ್ಲಾಂಕ್ ಎಂದು ಬರೆಯುವ ಶಿಖರವನ್ನು ಕುರಿತಿದ್ದವು. ಅವೆರಡರಲ್ಲಿ ಒಂದಕ್ಕೆ ಪ್ರಥಮ ಬಹುಮಾನ ಸಂದಿತು. ಇನ್ನೊಂದಕ್ಕೆ ಸಮಾಧಾನಕರ ಬಹುಮಾನವೂ ಸಲ್ಲಲಿಲ್ಲ. ಆ ತೀರ್ಪು ತಪ್ಪೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ. ತಪ್ಪಿತಸ್ಥರಲ್ಲಿ ನಾವೂ ಸೇರಿರುವುದರಿಂದ ಹಾಗೆ ಹೇಳುವ ಅಧಿಕಾರ ನಮಗೆ ತುಸು ಹೆಚ್ಚಾಗಿಯೇ ಇದೆಯೆಂದು ಬಗೆಯುತ್ತೇವೆ.

ಬಹುಮಾನ ಪಡೆದ ಪ್ರಬಂಧದ ಕಥೆ ಇದು. ಶಾಮೊನಿ ಎಂಬ ಬೆಟ್ಟದಡಿಯ ಹಳ್ಳಿಯಲ್ಲಿ ಜಾಕ್ ಬಲ್ಮಾ ಎಂಬ ಬಡ ಬೇಟೆಗಾರನಿದ್ದನು. ಯಾರೂ ಏರದ ಹಿಮಶಿಖರವನ್ನು ತಾನು ಏರಿಯೇ ತೀರುವೆನೆಂದು ಛಲ ತೊಟ್ಟನು. ಸಾಕ್ಷಿಗೊಬ್ಬರು ಬೇಕೆಂದು ಊರಿನ ವೈದ್ಯನನ್ನು ಜೊತೆಗೆ ಕರೆದುಕೊಂಡನು. ಶಿಖರ ಇನ್ನೂ ಮೇಲಿರುವಾಗಲೇ ವೈದ್ಯನು ಕಂಗೆಟ್ಟು ಹಿಮದಲ್ಲಿ ಕುಸಿದನು. ಬಲ್ಮಾ ಒಬ್ಬನೇ ಏರಿ, ಶಿಖರದ ಮೇಲೆ ನಿಂತು, ಕೆಳಗಿನ ಹಳ್ಳಿಗರಿಗೆ ಟೋಪಿ ಬೀಸಿ, ಮತ್ತೆ ಇಳಿದುಬಂದು, ಮೊಂಡುಹಿಡಿದ ಮಗುವನ್ನು ಶಾಲೆಗೆ ಎಳೆದೊಯ್ಯುವಂತೆ ವೈದ್ಯನನ್ನು ಎಳೆದೊಯ್ದು ಶಿಖರ ಮುಟ್ಟಿಸಿದನು. ಬರೆದ ಹುಡುಗನ ಕೈಬರಹ ಮುತ್ತು ಪೋಣಿಸಿದಂತಿತ್ತು, ಭಾಷೆಯಲ್ಲಿ ಓಟವಿತ್ತು. ಅವನನ್ನು ನಾವು ದೂರುವುದಿಲ್ಲ. ತನಗೆ ಸಿಕ್ಕ ಪುಸ್ತಕದಲ್ಲಿದ್ದುದನ್ನು ಅವನು ಚೆನ್ನಾಗಿ ಬರೆದನು.

ಎರಡನೆಯದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳದು. ಒಟ್ಟು ಮೂರು ಪುಟ. ಉಪಮೆಯಿಲ್ಲ, ಉದ್ಗಾರವಿಲ್ಲ. ಹೊರಟದ್ದು ಯಾವಾಗ, ತಲುಪಿದ್ದು ಯಾವಾಗ, ಕೆಳಗಿನಿಂದ ದುರ್ಬೀನಿನಲ್ಲಿ ನೋಡಿದವರು ಯಾರು, ಅವರು ಏನು ಬರೆದಿಟ್ಟರು, ಅದು ಎಂದು ಬೆಳಕಿಗೆ ಬಂದಿತು ಎಂಬಿಷ್ಟೇ. ವೈದ್ಯನೂ ಬೇಟೆಗಾರನೂ ಕೂಡಿಯೇ ಏರಿದರೆಂದು ಆಕೆ ಬರೆದಿದ್ದಳು. ನಮ್ಮಲ್ಲಿ ಹಿರಿಯರಾದ ಮಾಸ್ತರರು ಅದನ್ನು ಓದಿ, “ಇದು ಪ್ರಬಂಧವಲ್ಲ ಸ್ವಾಮಿ, ಪಂಚನಾಮೆ” ಎಂದರು. ನಾವೆಲ್ಲ ನಕ್ಕೆವು. ಆ ನಗುವಿನಲ್ಲಿಯೇ ತೀರ್ಪು ಮುಗಿದುಹೋಯಿತು.

ನಕ್ಕು ಮನೆಗೆ ಬಂದ ಮೇಲೆ ನಮಗೆ ಸಮಾಧಾನವಾಗಲಿಲ್ಲ. ಒಂದೇ ಘಟನೆಯನ್ನು ಇಬ್ಬರು ಮಕ್ಕಳು ಎರಡು ಬಗೆಯಾಗಿ ಬರೆದಿರುವಾಗ, ಯಾವುದು ನಡೆದದ್ದು ಎಂದು ವಿಚಾರಿಸದೆ ಯಾವುದು ಸೊಗಸಾಗಿದೆ ಎಂದಷ್ಟೇ ನೋಡಿದೆವಲ್ಲ ಎಂಬ ಕೊರಗು ಉಳಿಯಿತು. ದೊರೆತ ಪುಸ್ತಕಗಳನ್ನು ತರಿಸಿ ಓದಿದೆವು. ಓದಿದಷ್ಟೂ ನಾಚಿಕೆಯಾಯಿತು.

ನಡೆದದ್ದು ಇದು. 1760ರಲ್ಲಿ ಜಿನೀವಾ ಪಟ್ಟಣದ ಒರಾಸ್ ಬೆನೆದಿಕ್ತ್ ದ ಸೊಸ್ಯೂರ್ ಎಂಬ ಇಪ್ಪತ್ತು ವರ್ಷದ ತರುಣ ಶಾಮೊನಿಗೆ ಬಂದನು. ಮುಂದೆ ಭೂವಿಜ್ಞಾನದಲ್ಲಿ ದೊಡ್ಡ ಹೆಸರು ಪಡೆದವನು ಈತ. ಮೋಂಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವೆನೆಂದೂ, ಯತ್ನಿಸಿ ಸೋತವರಿಗೂ ಅವರ ದಿನಗೂಲಿ ನಷ್ಟವಾಗದಂತೆ ನೋಡಿಕೊಳ್ಳುವೆನೆಂದೂ ಆ ಕಣಿವೆಯ ಹಳ್ಳಿಹಳ್ಳಿಗಳಲ್ಲಿ ಸಾರಿಸಿದನು. ಅಂದು ಆ ಪ್ರಾಂತ ಫ್ರಾನ್ಸಿನದಲ್ಲ. ಸವಾಯ್ ಸೀಮೆ ಸಾರ್ಡೀನಿಯಾ ಅರಸರಿಗೆ ಸೇರಿತ್ತು, ರಾಜಧಾನಿ ಆಲ್ಪ್ಸ್‌ನ ಆಚೆಯ ಟ್ಯೂರಿನ್. ಜನರ ಮಾತು ಫ್ರೆಂಚು, ಆಳ್ವಿಕೆ ಇಟಲಿಯ ಕಡೆಯಿಂದ. 1792ರಲ್ಲಿ ಫ್ರಾನ್ಸ್ ಅದನ್ನು ಸೇರಿಸಿಕೊಂಡಿತು; 1815ರಲ್ಲಿ ಮರಳಿ ಕೊಟ್ಟಿತು; 1860ರಲ್ಲಿ ಮತ್ತೆ ಪಡೆಯಿತು. ಶಿಖರದ ನೆತ್ತಿಯಲ್ಲಿ ಗಡಿರೇಖೆ ಎಲ್ಲಿ ಹಾಯುತ್ತದೆಂಬ ಬಗೆಗೆ ಫ್ರಾನ್ಸಿನ ನಕ್ಷೆಯೂ ಇಟಲಿಯ ನಕ್ಷೆಯೂ ಇಂದಿಗೂ ಒಂದೇ ಮಾತನ್ನು ಹೇಳುವುದಿಲ್ಲ. ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾಗದದ ಮೇಲಿನ ಗೆರೆ ಒಂದು ಕಡೆ, ಬಾಯಿಯ ಮಾತು ಇನ್ನೊಂದು ಕಡೆ ಇರುವುದನ್ನು ನಾವು ಹುಟ್ಟಿದಂದಿನಿಂದ ಬಲ್ಲೆವು.

ಬಹುಮಾನ ಸಾರಿದ ಮೇಲೆ ಇಪ್ಪತ್ತಾರು ವರ್ಷ ಶಿಖರ ಯಾರಿಗೂ ದಕ್ಕಲಿಲ್ಲ. ಹಿಮನದಿಯ ಮೇಲೆ ರಾತ್ರಿ ಕಳೆದವನು ಬದುಕಲಾರನೆಂಬ ನಂಬಿಕೆ ಆ ಜನರಲ್ಲಿ ಬೇರೂರಿತ್ತು. ಆದುದರಿಂದ ಏರಿದವರು ಕತ್ತಲಾಗುವ ಮುನ್ನ ಇಳಿಯಲೇಬೇಕೆಂದು ಅವಸರಪಟ್ಟು ಹಿಂದಿರುಗುತ್ತಿದ್ದರು. ಈ ಭಯವನ್ನು ಮುರಿದವನು ಬಲ್ಮಾ. 1786ರ ಜೂನ್ ತಿಂಗಳಿನಲ್ಲಿ ಜೊತೆಗಾರರಿಂದ ಅಗಲಿ, ಮೇಲಣ ಹಿಮದ ಬಯಲಿನಲ್ಲಿ ಒಬ್ಬನೇ ಒಂದು ರಾತ್ರಿ ಕಳೆದು ಜೀವಂತವಾಗಿ ಮರಳಿದನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಬೆಟ್ಟದಲ್ಲಿ ಸ್ಫಟಿಕದ ಹರಳುಗಳನ್ನು ಹುಡುಕಿ ಮಾರುವುದು, ಕಾಡುಮೇಕೆಯಂಥ ಷಾಮ್ವಾ ಮೃಗವನ್ನು ಬೇಟೆಯಾಡುವುದು ಅವನ ಕಸುಬು. ಆ ಒಂದು ರಾತ್ರಿಗಾಗಿಯೇ ಅವನ ಹೆಸರನ್ನು ಚರಿತ್ರೆಯಲ್ಲಿ ಬರೆಯಬಹುದಾಗಿತ್ತು. ಇದಕ್ಕೆ ಅಲಂಕಾರವೇಕೆ ಬೇಕಾಯಿತು?

ವೈದ್ಯನ ಹೆಸರು ಮಿಶೆಲ್ ಗಾಬ್ರಿಯೆಲ್ ಪಕಾರ್. ಹುಟ್ಟಿದ್ದು 1757ರಲ್ಲಿ, ಅದೇ ಶಾಮೊನಿಯಲ್ಲಿ. ಟ್ಯೂರಿನ್ನಿನಲ್ಲಿ ವೈದ್ಯಶಾಸ್ತ್ರ ಕಲಿತು ತನ್ನ ಹಳ್ಳಿಗೇ ಮರಳಿ ಬಂದವನು. ಕಥೆಯಲ್ಲಿ ಬರುವಂತೆ ಯಾರೋ ಸಾಕ್ಷಿಗೆಂದು ಕರೆತಂದ ಪುಕ್ಕಲನಲ್ಲ. 1783ರಿಂದಲೇ ಮೋಂಬ್ಲಾಂ ಏರಲು ಯತ್ನಿಸಿದ್ದನು. ಊರಿನಿಂದ ದುರ್ಬೀನು ಹಿಡಿದು ಹಿಮದ ಬಿರುಕುಗಳನ್ನೂ ಬಂಡೆಗಳ ಸಾಲನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದನು. ಅವನಿಗೆ ಬೇಕಾದುದು ಬಹುಮಾನದ ಹಣವಲ್ಲ, ಆ ಎತ್ತರದಲ್ಲಿ ವಾಯುಭಾರಮಾಪಕದ ಪಾದರಸ ಎಲ್ಲಿ ನಿಲ್ಲುವುದೆಂಬ ಲೆಕ್ಕ.

1786ರ ಆಗಸ್ಟ್ 7ರ ಸಂಜೆ ಇವರಿಬ್ಬರೂ ಮೊಂತಾಞ್ ದ ಲಾ ಕೋತ್ ಎಂಬ ಬಂಡೆಯ ಏಣಿನ ಮೇಲ್ತುದಿಯಲ್ಲಿ ತಂಗಿದರು. ಮರುದಿನ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೊರಟರು. ಹಗ್ಗವಿಲ್ಲ. ಹಿಮ ಕಡಿಯುವ ಕೊಡಲಿಯಿಲ್ಲ. ಕಬ್ಬಿಣದ ಮೊನೆಯ ಉದ್ದನೆಯ ಕೋಲುಗಳಷ್ಟೆ. ಎರಡು ಹಿಮನದಿಗಳು ಕೂಡುವ ಕಡೆ ಬಾಯ್ದೆರೆದ ಬಿರುಕುಗಳನ್ನು ಆ ಕೋಲುಗಳ ಆಸರೆಯಿಂದಲೇ ದಾಟಬೇಕು. ಅದರ ಮೇಲೆ ವಾಯುಭಾರಮಾಪಕವನ್ನು ಒಡೆಯದಂತೆ ಹೊತ್ತುಕೊಂಡು ಹೋಗಬೇಕು. ಒಂದೇ ದಿನದಲ್ಲಿ ಏರಬೇಕಾಗಿದ್ದುದು ಸುಮಾರು 2400 ಮೀಟರು. ಹಿಮ ಮೆದುವಾಗಿ ಕಾಲು ಹೂಳುತ್ತಿದ್ದಾಗ ಮುಂದೆ ನಡೆದು ದಾರಿ ತುಳಿಯುವವನ ಶ್ರಮ ಹಿಂದಿನವನಿಗಿಂತ ಎಷ್ಟೋ ಪಾಲು ಹೆಚ್ಚು. ಆ ಶ್ರಮವನ್ನು ಸರದಿಯ ಮೇಲೆ ಹಂಚಿಕೊಂಡರು. ಸಂಜೆ 6 ಗಂಟೆ 23 ನಿಮಿಷಕ್ಕೆ ಶಿಖರ ಮುಟ್ಟಿದರು. ಅರ್ಧ ಗಂಟೆಗೆ ತುಸು ಮೇಲಾಗಿ ಅಲ್ಲಿದ್ದರು. ವೈದ್ಯನು ಆ ಚಳಿಯಲ್ಲಿ ತನ್ನ ಉಪಕರಣಗಳನ್ನು ತೆಗೆದು ಅಳತೆಗಳನ್ನು ಗುರುತು ಹಾಕಿಕೊಂಡನು. ಬೆಳುದಿಂಗಳಿನಲ್ಲಿ ಇಳಿದು ನಡುರಾತ್ರಿಯ ಹೊತ್ತಿಗೆ ಬಂಡೆಯ ಆಸರೆ ಸೇರಿದರು. ಬೆಳಗಾಗುವಾಗ ವೈದ್ಯನ ಕೈ ಹಿಮ ಕಡಿದು ಮರಗಟ್ಟಿತ್ತು. ಹಿಮದ ಬೆಳ್ಪಿಗೆ ಕಣ್ಣು ಕಾಣದಾಗಿತ್ತು. ಬಲ್ಮಾ ಅವನನ್ನು ನಡೆಸಿಕೊಂಡು ಊರಿಗೆ ಬಂದನು. ಮನೆಗೆ ಬಂದ ಬಲ್ಮಾನಿಗೆ ಕಾದಿದ್ದುದು ಬೇರೆ ಸುದ್ದಿ: ಅವನ ಎಳೆಯ ಹೆಣ್ಣುಮಗು ಅವನು ಬೆಟ್ಟದಲ್ಲಿದ್ದ ದಿನವೇ ತೀರಿಕೊಂಡಿತ್ತು.

ಇಷ್ಟು ನಡೆದ ಮೇಲೆ ಇದಕ್ಕೆ ಇನ್ನೇನನ್ನು ಸೇರಿಸಬೇಕು? ಕಣ್ಣು ಕಾಣದ ವೈದ್ಯನನ್ನು ಕೈಹಿಡಿದು ನಡೆಸಿಕೊಂಡು ಬಂದ ಬೇಟೆಗಾರನಿಗಿಂತ, ಗೆಳೆಯನನ್ನು ಹಿಮದಲ್ಲಿ ಬಿಟ್ಟು ಒಬ್ಬನೇ ಏರಿ ಟೋಪಿ ಬೀಸಿದ ಬೇಟೆಗಾರ ದೊಡ್ಡವನೇ? ಸುಳ್ಳು ಕಥೆ ವೈದ್ಯನ ಪಾಲನ್ನು ಕಸಿದುಕೊಂಡಿತೆಂಬುದು ಸ್ಪಷ್ಟ. ಬಲ್ಮಾನ ಪಾಲಿನಲ್ಲಿಯೂ ಒಳ್ಳೆಯದನ್ನು ಅದು ಕಸಿದುಕೊಂಡಿತೆಂಬುದನ್ನು ಯಾರೂ ಗಮನಿಸುವುದಿಲ್ಲ.

ಸುಳ್ಳನ್ನು ಮೊದಲು ಹರಡಿದವನು ಬಲ್ಮಾನಲ್ಲ, ಮಾರ್ಕ್ ತಿಯೊದೋರ್ ಬೂರಿ. ಜಿನೀವಾದ ದೊಡ್ಡ ಇಗರ್ಜಿಯಲ್ಲಿ ಗಾಯಕರ ಮುಖ್ಯಸ್ಥ, ಚಿತ್ರಗಾರ, ಆಲ್ಪ್ಸ್ ಕುರಿತು ಹಲವು ಪುಸ್ತಕ ಬರೆದವನು. ಮೋಂಬ್ಲಾಂ ಏರಲು ಮತ್ತೆ ಮತ್ತೆ ಹೋಗಿ ಮತ್ತೆ ಮತ್ತೆ ಹಿಂದಿರುಗಿದವನು. ಕೊನೆಯವರೆಗೂ ಆ ಶಿಖರದ ಮೇಲೆ ಕಾಲಿಡಲಾರದೆ ಹೋದನು. ಹಳ್ಳಿಯ ವೈದ್ಯನೊಬ್ಬ ತನಗಿಂತ ಮೊದಲು ಅಲ್ಲಿ ನಿಂತನೆಂಬುದನ್ನು ಅವನ ಎದೆ ಸಹಿಸಲಿಲ್ಲವೆಂದು ಹೇಳಿದರೆ ಅದು ನಮ್ಮ ಊಹೆ. ಆದರೆ ಆ ಊಹೆಗೆ ಬೇಕಾದಷ್ಟು ಆಧಾರವಿದೆ. ಆರೋಹಣ ನಡೆದು ಎರಡು ತಿಂಗಳು ತುಂಬುವ ಮುನ್ನವೇ, ಸೆಪ್ಟೆಂಬರಿನಲ್ಲಿ, ಬೂರಿ ಒಂದು ಪತ್ರವನ್ನು ಪ್ರಕಟಿಸಿ ಕೀರ್ತಿಯನ್ನೆಲ್ಲ ಬಲ್ಮಾನಿಗೆ ಕಟ್ಟಿ ವೈದ್ಯನನ್ನು ಕೀಳುಗೈದನು. ಬೂರಿಯ ಲೇಖನಿ ಪಳಗಿದ್ದು, ಓದುಗರು ಸಿದ್ಧರಾಗಿದ್ದವರು. ವೈದ್ಯನ ಲೇಖನಿಗೆ ಆ ಬಲವಿರಲಿಲ್ಲ. ತನ್ನ ಆರೋಹಣದ ವೃತ್ತಾಂತವನ್ನು ಪುಸ್ತಕವಾಗಿ ತರುವೆನೆಂದು ಪಕಾರ್ ಚಂದಾದಾರರಿಗಾಗಿ ಪ್ರಕಟಣೆ ಹೊರಡಿಸಿದನು. ಆ ಪುಸ್ತಕ ಬರಲೇ ಇಲ್ಲ. ಹಸ್ತಪ್ರತಿಯೂ ಸಿಕ್ಕಿಲ್ಲ. ಸಣ್ಣ ಪತ್ರಿಕೆ ನಡೆಸಿ ಚಂದಾ ಬೇಡಿದ ನಮಗೆ ಈ ಸಂಕಟ ಹೊಸದಲ್ಲ.

ಅಷ್ಟರಲ್ಲಿಯೂ ಪಕಾರ್ ಒಂದು ಕೆಲಸ ಮಾಡಿದನು. ತಮ್ಮಿಬ್ಬರ ಆರೋಹಣದಲ್ಲಿ ವೈದ್ಯನ ಪಾಲನ್ನು ಒಪ್ಪುವ ಹೇಳಿಕೆಗೆ ಬಲ್ಮಾನಿಂದಲೇ ಸಹಿ ಹಾಕಿಸಿಕೊಂಡನು. ಅದು 1787ರಲ್ಲಿ ಲೋಜಾನ್ ಪಟ್ಟಣದ ಪತ್ರಿಕೆಯಲ್ಲಿ ಅಚ್ಚಾಯಿತು. ಖಾಲಿ ಕಾಗದದ ಮೇಲೆ ಸಹಿ ಮಾಡಿಸಿಕೊಂಡರೆಂದು ಬಲ್ಮಾನ ಪಕ್ಷದವರ ವಾದ. ಸಹಿಯ ಬಗೆಗೆ ಇಂಥ ವಾದ ನಮ್ಮ ಊರಿನ ಜಮೀನು ವ್ಯಾಜ್ಯಗಳಲ್ಲಿಯೂ ಕೇಳಿಬರುವುದುಂಟು. ಆದುದರಿಂದ ಆ ಕಾಗದವೊಂದನ್ನೇ ನಂಬಿರೆಂದು ನಾವು ಹೇಳುವುದಿಲ್ಲ.

ನಾಲ್ಕೂವರೆ ದಶಕ ಕಳೆಯಿತು. ಪಕಾರ್ 1827ರಲ್ಲಿ ತೀರಿಕೊಂಡನು. 1832ರಲ್ಲಿ ಅಲೆಗ್ಸಾಂದ್ರ್ ಡ್ಯೂಮಾ ಶಾಮೊನಿಗೆ ಬಂದನು. ಕತ್ತಿವರಸೆಯ ಕಾದಂಬರಿಗಳಿಂದ ಮುಂದೆ ಜಗತ್ತೆಲ್ಲ ಹೆಸರಾದ ಅದೇ ಡ್ಯೂಮಾ. ಎಪ್ಪತ್ತರ ಹರೆಯದ ಬಲ್ಮಾನನ್ನು ಕೂರಿಸಿಕೊಂಡು ದ್ರಾಕ್ಷಾರಸ ಕೊಟ್ಟು ಕಥೆ ಕೇಳಿದನು. ಎದುರುಮಾತನಾಡಬಲ್ಲ ಒಬ್ಬನೇ ಮನುಷ್ಯ ಮಣ್ಣಿನಲ್ಲಿದ್ದನು. ಕುಸಿದು ಕುಳಿತ ವೈದ್ಯ, ಒಬ್ಬನೇ ಏರಿದ ವೀರ, ಬೀಸಿದ ಟೋಪಿ, ಎಲ್ಲವೂ ಆ ಮೇಜಿನ ಮೇಲೆ ಹುಟ್ಟಿ ಡ್ಯೂಮಾನ ಪ್ರವಾಸಕಥನದಲ್ಲಿ ಅಚ್ಚಾಗಿ ಊರೂರಿಗೆ ಹೋದವು. ನಮ್ಮ ಹುಡುಗನ ಕೈಗೆ ಬಂದದ್ದೂ ಅದರ ಮರಿಮಗನಂಥ ಒಂದು ಪುಸ್ತಕವೇ. ಬಲ್ಮಾನಂತೂ ಎರಡು ವರ್ಷಗಳ ಮೇಲೆ, 1834ರಲ್ಲಿ, ಚಿನ್ನದ ಅದಿರು ಹುಡುಕಲು ಹೋಗಿ ಕಣಿವೆಗೆ ಬಿದ್ದು ಸತ್ತನು. ಬಾಳಿಡೀ ಬೆಟ್ಟದಲ್ಲಿ ಏನನ್ನೋ ಹುಡುಕುತ್ತಿದ್ದ ಬಡವ. ಮುದಿಪ್ರಾಯದಲ್ಲಿ ಒಂದು ಬಟ್ಟಲಿನ ಎದುರು ತನ್ನ ಹರೆಯವನ್ನು ತುಸು ಹಿಗ್ಗಿಸಿ ಹೇಳಿದ್ದಕ್ಕಾಗಿ ಅವನ ಮೇಲೆ ಕೋಪಿಸಿಕೊಳ್ಳಲು ನಮ್ಮಿಂದಾಗದು. ಕೇಳಿದವನು ವಿಚಾರಿಸಬೇಕಿತ್ತು. ಓದಿದವರು ವಿಚಾರಿಸಬೇಕಿತ್ತು.

1887ರಲ್ಲಿ ಶಾಮೊನಿಯ ಚೌಕದಲ್ಲಿ ಕಂಚಿನ ಸ್ಮಾರಕವೊಂದನ್ನು ನಿಲ್ಲಿಸಿದರು. ಬಲ್ಮಾ ಕೈಯೆತ್ತಿ ಶಿಖರವನ್ನು ತೋರಿಸುತ್ತಿದ್ದಾನೆ, ಪಕ್ಕದಲ್ಲಿ ಸೊಸ್ಯೂರ್ ನೋಡುತ್ತಿದ್ದಾನೆ. ಸೊಸ್ಯೂರ್ ಏರಿದ್ದು 1787ರ ಆಗಸ್ಟ್ 3ರಂದು, ಒಬ್ಬ ಸೇವಕನನ್ನೂ ಹದಿನೆಂಟು ಮಂದಿ ಮಾರ್ಗದರ್ಶಿಗಳನ್ನೂ ಕಟ್ಟಿಕೊಂಡು. ಶಿಖರದಲ್ಲಿ ನಾಲ್ಕೂವರೆ ಗಂಟೆ ಕುಳಿತು ಪ್ರಯೋಗ ನಡೆಸಿದ ಅವನ ವಿಜ್ಞಾನಸೇವೆ ದೊಡ್ಡದು. ಪ್ರತಿಮೆಗೆ ಅವನು ಅರ್ಹನು. ಆದರೆ ಮೊದಲು ಏರಿದವರಿಬ್ಬರಲ್ಲಿ ಒಬ್ಬನು ಆ ಪೀಠದ ಮೇಲಿಲ್ಲ. ಶಾಲೆಯ ಮಕ್ಕಳು ಪ್ರತಿಮೆಯ ಕೆಳಗೆ ನಿಂತು ಏನನ್ನು ಕಲಿತಿರಬೇಕು? ಪುಸ್ತಕದ ಸುಳ್ಳನ್ನು ಇನ್ನೊಂದು ಪುಸ್ತಕ ತಿದ್ದಬಹುದು. ಕಂಚಿನ ಸುಳ್ಳನ್ನು ತಿದ್ದುವುದು ಕಷ್ಟ.

ಇಷ್ಟೆಲ್ಲ ನಡೆಯುತ್ತಿದ್ದಾಗ ನಿಜ ಎಲ್ಲಿತ್ತು? ಜರ್ಮನಿಯ ಗ್ಯೋರ್ಲಿಟ್ಸ್ ಎಂಬ ಊರಿನ ವಿದ್ವತ್ಸಭೆಯ ಗ್ರಂಥಭಂಡಾರದಲ್ಲಿ ಒಂದು ದಿನಚರಿಯ ಹಾಳೆಗಳ ನಡುವೆ ಮಲಗಿತ್ತು. ಆ ದಿನಚರಿ ಬಾರನ್ ಫಾನ್ ಗೆರ್ಸ್‌ಡೋರ್ಫ್ ಎಂಬಾತನದು. 1786ರ ಆಗಸ್ಟ್ 8ರಂದು ಅವನು ಪ್ರವಾಸಿಯಾಗಿ ಶಾಮೊನಿಯಲ್ಲಿದ್ದನು. ಒಬ್ಬ ಗೆಳೆಯನೊಡನೆ ದುರ್ಬೀನಿನಲ್ಲಿ ಬೆಟ್ಟವನ್ನು ನೋಡುತ್ತಿದ್ದನು. ಎರಡು ಕಪ್ಪು ಚುಕ್ಕೆಗಳು ಹಿಮದ ಮೇಲೆ ಚಲಿಸುವುದನ್ನು ಕಂಡು, ಎಷ್ಟು ಗಂಟೆಗೆ ಎಲ್ಲಿದ್ದವು, ಎಲ್ಲಿ ನಿಂತವು, ಯಾವಾಗ ಹೊರಟವು ಎಂದು ಬರೆದಿಟ್ಟು, ದಾರಿಯ ಚಿತ್ರವನ್ನೂ ಬಿಡಿಸಿದನು. ಅವನಿಗೆ ವೈದ್ಯನ ಮೇಲೆ ಪ್ರೀತಿಯಿಲ್ಲ, ಬೇಟೆಗಾರನ ಮೇಲೆ ಹಗೆಯಿಲ್ಲ, ಶಿಖರ ಏರುವ ಹಂಬಲವೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದನು. ಆ ಬರಹದಲ್ಲಿ ಒಂದು ಚುಕ್ಕೆ ಕುಸಿದು ಕೂರುವುದಿಲ್ಲ. ಇನ್ನೊಂದು ಒಂಟಿಯಾಗಿ ಏರಿ ಮತ್ತೆ ಇಳಿದುಬರುವುದಿಲ್ಲ. ಆರೂವರೆಗೆ ಏಳು ನಿಮಿಷವಿರುವಾಗ ಶಿಖರದ ಮೇಲೆ ಇಬ್ಬರಿದ್ದರು.

ಇದು ಪಂಚನಾಮೆಯಲ್ಲದೆ ಮತ್ತೇನು?

ಇಂಗ್ಲೆಂಡಿನ ಡಗ್ಲಸ್ ಫ್ರೆಶ್‌ಫೀಲ್ಡ್, ಸ್ವಿಟ್ಜರ್ಲೆಂಡಿನ ಹೈನ್ರಿಖ್ ಡ್ಯೂಬಿ ಮೊದಲಾದವರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ಸಾಕ್ಷ್ಯಗಳನ್ನು ಒಂದೊಂದಾಗಿ ಹೊರತೆಗೆದರು. 1913ರಲ್ಲಿ ಡ್ಯೂಬಿ ಪಕಾರ್ ಮತ್ತು ಬಲ್ಮಾರ ವಾದವನ್ನೇ ವಿಷಯವಾಗಿಸಿ ಗ್ರಂಥ ಬರೆದನು. 1957ರಲ್ಲಿ ಗ್ರಹಾಂ ಬ್ರೌನ್ ಮತ್ತು ಗೇವಿನ್ ಡಿ ಬೀರ್ ಎಂಬ ಇಬ್ಬರು ವಿಜ್ಞಾನಿಗಳು ಮೊದಲ ಆರೋಹಣವನ್ನು ಕುರಿತು ಗಂಟೆಗಂಟೆಯ ಲೆಕ್ಕ ಹಾಕಿದ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ವೈದ್ಯನ ಕಂಚಿನ ಪ್ರತಿಮೆ ಶಾಮೊನಿಯಲ್ಲಿ ಕುಳಿತದ್ದು 1986ರಲ್ಲಿ, ಆರೋಹಣದ ಇನ್ನೂರನೆಯ ವರ್ಷ. ಬಲ್ಮಾ ನಿಂತು ತೊಂಬತ್ತೊಂಬತ್ತು ವರ್ಷಗಳಾಗಿದ್ದವು. ಈಗ ಇಬ್ಬರೂ ಒಂದೇ ಊರಿನಲ್ಲಿದ್ದಾರೆ, ಬೇರೆ ಬೇರೆ ಪೀಠಗಳ ಮೇಲೆ.

ಈ ಮಾತನ್ನು ನಮ್ಮ ಸಹತೀರ್ಪುಗಾರರ ಮುಂದಿಟ್ಟಾಗ ಬಂದ ಆಕ್ಷೇಪಗಳನ್ನು ಮುಚ್ಚಿಡುವುದಿಲ್ಲ. “ಎಲ್ಲಿಯೋ ಒಂದು ಹಿಮದ ಗುಡ್ಡ; ಯಾರು ಮೊದಲು ಏರಿದರೆ ನಮ್ಮ ಮಕ್ಕಳಿಗೇನು?” ಎಂದರು ಒಬ್ಬರು. ಏನೂ ಅಲ್ಲವಾದರೆ ವಿಷಯ ಕೊಟ್ಟದ್ದೇಕೆ, ಬಹುಮಾನ ಕೊಟ್ಟದ್ದೇಕೆ? ಇದಕ್ಕೆ ಹೆಚ್ಚಿನ ಉತ್ತರ ಬೇಡ.

ಎರಡನೆಯ ಆಕ್ಷೇಪ ಹಿರಿಯ ಮಾಸ್ತರರದು. ಅದನ್ನು ಹಗುರವಾಗಿ ತಳ್ಳಲಾಗದು. “ಮಕ್ಕಳಿಗೆ ಬೇಕಾದುದು ಉತ್ಸಾಹ. ಒಬ್ಬ ಬಡವ ತನ್ನ ಛಲದಿಂದ ಗೆದ್ದನೆಂಬ ಕಥೆಯಿಂದ ಹತ್ತು ಮಕ್ಕಳು ಮೇಲೆ ಬರುವುದಾದರೆ, ನಿಮಿಷದ ಲೆಕ್ಕದಿಂದ ಆಗುವುದೇನು? ಅದೂ ಅಲ್ಲದೆ, ಎಲ್ಲ ಕಡೆಯೂ ದೊರೆಗಳ ಹೆಸರು ಉಳಿದು ಹೊರೆ ಹೊತ್ತವರ ಹೆಸರು ಅಳಿಯುತ್ತದೆ. ಇಲ್ಲಿ ಒಂದು ಸಲವಾದರೂ ಹೊರೆ ಹೊತ್ತವನ ಹೆಸರು ಉಳಿದಿದೆ. ಅದನ್ನೇಕೆ ಅಳಿಸುತ್ತೀರಿ?” ಎಂದರು.

ಹೊರೆ ಹೊತ್ತವರ ಹೆಸರು ಅಳಿಯುತ್ತದೆಂಬುದು ನಿಜ. 1820ರಲ್ಲಿ ಹಾಮೆಲ್ ಎಂಬ ರಷ್ಯಾದ ವಿಜ್ಞಾನಿಯ ಜೊತೆ ಅದೇ ಮೋಂಬ್ಲಾಂ ಏರುತ್ತಿದ್ದಾಗ ಹಿಮ ಜಾರಿ ಮೂವರು ಮಾರ್ಗದರ್ಶಿಗಳು ಬಿರುಕಿನಲ್ಲಿ ಹುಗಿದುಹೋದರು: ಪಿಯೆರ್ ಬಲ್ಮಾ, ಪಿಯೆರ್ ಕಾರಿಯೆ, ಓಗ್ಯೂಸ್ತ್ ತೆರಾಜ್. ಈ ಹೆಸರುಗಳನ್ನು ಯಾವ ಪಠ್ಯಪುಸ್ತಕದಲ್ಲಿ ಓದಿದ್ದೇವೆ? ಹಿಮನದಿ ಮೆಲ್ಲಮೆಲ್ಲನೆ ಕೆಳಗೆ ಸರಿಯುವುದರಿಂದ ಸುಮಾರು ನಾಲ್ವತ್ತು ವರ್ಷಗಳಲ್ಲಿ ಅವರ ದೇಹಗಳು ಕೆಳಗೆ ಬರುವುವೆಂದು ಫೋರ್ಬ್ಸ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ಹೇಳಿದ್ದನು. 1861ರಲ್ಲಿ ಅವಶೇಷಗಳು ಹಿಮನದಿಯ ಬುಡದಲ್ಲಿ ಹೊರಬಿದ್ದವು. ಮಾಸ್ತರರು ಇವರಿಗಾಗಿ ವಾದಿಸಿದರೆ ನಾವು ಅವರ ಹಿಂದೆ ನಿಲ್ಲುತ್ತೇವೆ. ಆದರೆ ಹೊರೆ ಹೊತ್ತವರಿಗೆ ಸಲ್ಲಬೇಕಾದ ಗೌರವವನ್ನು ಇನ್ನೊಬ್ಬನಿಂದ ಕದ್ದು ಸಲ್ಲಿಸಬೇಕೆ? ಪಕಾರನೂ ದೊರೆಯಲ್ಲ, ಅದೇ ಹಳ್ಳಿಯ ಮಗ, ತನ್ನ ಉಪಕರಣವನ್ನು ತಾನೇ ಕಾಪಾಡಿಕೊಂಡು ಬೆಟ್ಟ ಹತ್ತಿದವನು. ಬಲ್ಮಾನನ್ನು ಹೊಗಳಿ ಬರೆದ ಬೂರಿ, ಕಥೆ ಕಟ್ಟಿದ ಡ್ಯೂಮಾ, ಇವರು ಯಾವ ಹೊರೆ ಹೊತ್ತಿದ್ದರು?

ಇನ್ನು ಉತ್ಸಾಹದ ಮಾತು. ಎವರೆಸ್ಟನ್ನು ಕುರಿತು ಅಷ್ಟೊಂದು ಮಕ್ಕಳು ಬರೆದರಲ್ಲ, ಅಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. 1953ರ ಮೇ 29ರಂದು ಶಿಖರದ ಮೇಲೆ ಮೊದಲು ಕಾಲಿಟ್ಟವರು ಯಾರು? ಪತ್ರಿಕೆಗಳವರು ಬೆನ್ನುಬಿಡದೆ ಕೇಳಿದರು. ಇಬ್ಬರೂ ಕೂಡಿ ಏರಿದೆವೆಂದು ಇಬ್ಬರೂ ಹೇಳಿದರು. ತಾನೇ ಮೊದಲೆಂದು ತೇನ್‌ಸಿಂಗ್ ಒಂದು ಮಾತು ಆಡಿದ್ದರೆ ಭಾರತವೆಲ್ಲ ಕುಣಿದಾಡುತ್ತಿತ್ತು. ನಮ್ಮ ಮಕ್ಕಳ ಉತ್ಸಾಹಕ್ಕೆ ಕೊರತೆಯೇ ಇರುತ್ತಿರಲಿಲ್ಲ. ಆದರೆ 1955ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ತೇನ್‌ಸಿಂಗ್, ಹಗ್ಗದಲ್ಲಿ ಹಿಲರಿ ಮುಂದಿದ್ದರು, ಮೊದಲು ಕಾಲಿಟ್ಟವರು ಅವರೇ ಎಂದು ಹೇಳಿಬಿಟ್ಟರು. ಇದರಿಂದ ತೇನ್‌ಸಿಂಗ್ ಕುಗ್ಗಿದರೇ? ಈ ಸಲ ಅವರನ್ನು ಕುರಿತು ಬರೆದ ಮಕ್ಕಳಲ್ಲಿ ಯಾರೊಬ್ಬರೂ ಈ ಮಾತನ್ನು ಬರೆಯಲಿಲ್ಲ. ತರಗತಿಯಲ್ಲಿ ನಾವು ಹೇಳಿದ್ದರೆ ತಾನೆ ಬರೆಯುವುದು!

ಸುಳ್ಳು ಕಥೆಯ ರುಚಿ ಹತ್ತಿದ ನಾಲಗೆ ಒಂದೇ ಕಥೆಗೆ ನಿಲ್ಲುವುದಿಲ್ಲ. ಮೋಂಬ್ಲಾಂಗೂ ನಮ್ಮ ದೇಶಕ್ಕೂ ದುಃಖದ ಒಂದು ನಂಟುಂಟು. 1950ರ ನವೆಂಬರ್ 3ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಆ ಪರ್ವತಕ್ಕೆ ಬಡಿದು 48 ಮಂದಿ ಸತ್ತರು. 1966ರ ಜನವರಿ 24ರಂದು ‘ಕಾಂಚನಜಂಗಾ’ ಎಂಬ ಬೋಯಿಂಗ್ ವಿಮಾನ ಅಲ್ಲಿಯೇ ಅಪ್ಪಳಿಸಿ 117 ಮಂದಿ ಸತ್ತರು. ಅವರಲ್ಲಿ ಒಬ್ಬರು ಹೋಮಿ ಭಾಭಾ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ರಾಮನ್ನರ ಕಾಲದಲ್ಲಿ ಕೆಲಸ ಮಾಡಿ, ವಿಶ್ವಕಿರಣಗಳ ಸಂಶೋಧನೆಗೆ ಅಲ್ಲಿ ನೆಲೆ ಹಾಕಿಕೊಟ್ಟವರು. ಫ್ರಾನ್ಸಿನ ತನಿಖೆ ಕಾರಣವನ್ನು ಹೇಳಿತು: ವಿಮಾನದ ದಿಕ್ಕುತೋರುವ ಉಪಕರಣಗಳಲ್ಲೊಂದು ಕೆಟ್ಟಿತ್ತು, ಪರ್ವತವನ್ನು ದಾಟಿಯಾಯಿತೆಂದು ಚಾಲಕರು ತಪ್ಪು ತಿಳಿದರು, ನೆಲದಿಂದ ಬಂದ ಎಚ್ಚರಿಕೆಯ ಮಾತನ್ನು ಅವರು ಸರಿಯಾಗಿ ಗ್ರಹಿಸಲಿಲ್ಲ. ಆದರೆ ನಮ್ಮಲ್ಲಿ ಭಾಭಾ ಅವರ ಜಯಂತಿಯ ದಿನ ಭಾಷಣಕ್ಕೆ ನಿಂತ ಎಷ್ಟು ಮಂದಿ ಈ ವರದಿಯ ಮಾತನ್ನೆತ್ತುತ್ತಾರೆ? ಪರದೇಶದ ಗೂಢಚಾರರು ವಿಮಾನವನ್ನು ಉರುಳಿಸಿದರೆಂಬ ಕಥೆಯನ್ನೇ ಹೇಳುತ್ತಾರೆ. ಪುರಾವೆ ಎಲ್ಲಿ ಎಂದು ಕೇಳಿದ ಹುಡುಗನನ್ನು ಕೂರಿಸುತ್ತಾರೆ. ಆ ಹಿಮನದಿಯಾದರೋ ಇಂದಿಗೂ ತನ್ನ ಸಾಕ್ಷ್ಯವನ್ನು ಕೊಡುತ್ತಲೇ ಇದೆ: 2012ರಲ್ಲಿ ಭಾರತ ಸರಕಾರದ ಅಂಚೆಯ ಚೀಲವೊಂದು, 2020ರಲ್ಲಿ ಇಂದಿರಾ ಗಾಂಧಿಯವರು ಆರಿಸಿಬಂದ ಸುದ್ದಿಯಿದ್ದ 1966ರ ಭಾರತೀಯ ಪತ್ರಿಕೆಗಳು ಹಿಮ ಕರಗಿದಾಗ ಸಿಕ್ಕಿದವು.

ಪಂಚನಾಮೆಯ ಮಾತಿಗೆ ಮರಳುತ್ತೇವೆ. ನಿಖರತೆ ಒಣಗಿದ್ದೆಂಬ ಭಾವನೆ ಉಪಾಧ್ಯಾಯರಾದ ನಮ್ಮಲ್ಲಿ ಹೇಗೋ ಬೆಳೆದುಬಿಟ್ಟಿದೆ. ಮೋಂಬ್ಲಾಂ ಎತ್ತರವನ್ನೇ ನೋಡಿರಿ. 4807 ಮೀಟರೆಂದು ಬಾಯಿಪಾಠ ಮಾಡಿಸಿ, 4806 ಎಂದವನ ಅಂಕ ಕಳೆಯುತ್ತೇವೆ. ಅದರ ನೆತ್ತಿಯ ಮೇಲಿರುವುದು ಬಂಡೆಯಲ್ಲ, ಗಾಳಿಗೆ ಏರಿಳಿಯುವ ಹಿಮದ ರಾಶಿ. 2001ರಿಂದ ಎರಡೆರಡು ವರ್ಷಕ್ಕೊಮ್ಮೆ ಅಳೆಯುತ್ತಿದ್ದಾರೆ. 2021ರಲ್ಲಿ 4807.81 ಮೀಟರು, 2023ರಲ್ಲಿ 4805.59. ಬದಲಾಗುವ ಸಂಖ್ಯೆಗೆ ಒಂದು ಅಂಕ ಕಳೆಯುವ ನಾವು, ಬದಲಾಗದ ಘಟನೆಯನ್ನು ತಿರುಚಿ ಬರೆದಾಗ ಬಹುಮಾನ ಕೊಟ್ಟೆವು!

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಲೇಖನವೂ ಡ್ಯೂಮಾನ ಕಥೆಯಂತೆಯೇ ಆದೀತು. ಆ ಹುಡುಗಿ ತನ್ನ ಪ್ರಬಂಧದ ಕೊನೆಯ ಪುಟದಲ್ಲಿ, ಬಲ್ಮಾ ಮುದುಕನಾದ ಮೇಲೆ ಹೇಳಿದ ಕಥೆಗಿಂತ ಅದೇ ದಿನ ದುರ್ಬೀನಿನಲ್ಲಿ ನೋಡಿದವನು ಬರೆದಿಟ್ಟದ್ದನ್ನು ತಾನು ನಂಬುವುದಾಗಿ ಬರೆದಿದ್ದಳು. ಆ ವಾಕ್ಯದ ಕೆಳಗೆ ಕೆಂಪು ಗೆರೆಯಿತ್ತು. ಅಂಚಿನಲ್ಲಿ ‘ಅಧಿಕಪ್ರಸಂಗ’ ಎಂಬ ಒಂದು ಪದವಿತ್ತು. ಆ ಗೆರೆಯನ್ನು ಎಳೆದವರು ಹಿರಿಯ ಮಾಸ್ತರರಲ್ಲ. ಕೈ ನಮ್ಮದು, ಮಸಿ ನಮ್ಮದು.

ಬಹುಮಾನವನ್ನು ಹುಡುಗನಿಂದ ಹಿಂದಕ್ಕೆ ಪಡೆಯಬೇಕೆಂದು ನಾವು ಹೇಳುವುದಿಲ್ಲ. ಅವನ ಭಾಷೆಗೆ ಅದು ಸಲ್ಲಬೇಕಾದದ್ದೇ. ಹುಡುಗಿಯ ಪ್ರಬಂಧಕ್ಕೂ ಅಷ್ಟೇ ಮೊತ್ತದ ಬಹುಮಾನವನ್ನು ಕೊಡಬೇಕೆಂದು ಸಂಘದ ಕಾರ್ಯಕಾರಿ ಸಮಿತಿಗೆ ಬರೆದುಕೊಂಡಿದ್ದೇವೆ. ಹಿರಿಯ ಮಾಸ್ತರರು, ವಾದವನ್ನು ಬಿಟ್ಟುಕೊಡದೆಯೇ, ಆ ಪತ್ರಕ್ಕೆ ತಮ್ಮ ಸಹಿಯನ್ನೂ ಹಾಕಿದ್ದಾರೆ. ಅದು ಖಾಲಿ ಕಾಗದವಾಗಿರಲಿಲ್ಲವೆಂದು ಇಲ್ಲಿಯೇ ದಾಖಲಿಸುತ್ತೇವೆ. ಪ್ರಬಂಧವನ್ನು ಇದರ ಮುಂದಿನ ಪುಟದಿಂದ ಅಚ್ಚಿಸಲಾಗಿದೆ. ಕಾಗುಣಿತದ ಎರಡು ತಪ್ಪುಗಳನ್ನು ತಿದ್ದಿದ್ದೇವೆ. ಉಳಿದುದೆಲ್ಲ ಆಕೆ ಬರೆದಂತೆಯೇ ಇದೆ.